ಬೆನ್ನೆಲುಬಿನ ಬಲವೂ ಗೃಹವ್ಯಾಯಾಮದ ಚರಿತ್ರೆಯೂ

ಕೊಳ್ಳೇಗಾಲದ ರೇಷ್ಮೆ ನೇಯ್ಗೆಯ ಮನೆಯಲ್ಲಿ ಮಗ್ಗದ ಮುಂದೆ ಕುಳಿತಿರತಕ್ಕವನ ಬೆನ್ನನ್ನೂ, ಹನೂರು ಸೀಮೆಯ ಮಲೆಯ ಮಹದೇಶ್ವರನ ಬೆಟ್ಟದಲ್ಲಿ ದೇವರಗುಡ್ಡರು ಬೀಸುಕಂಸಾಳೆಯನ್ನಾಡುವಾಗ ಅವರ ಬೆನ್ನನ್ನೂ ಅವಧಾನವಿಟ್ಟು ನೋಡಿದವರಿಗೆ ಒಂದು ವಿಚಾರವು ಹೊಳೆಯದೆ ಇರದು. ಎರಡೂ ದುಡಿಯುವ ಬೆನ್ನುಗಳೇ. ಆದರೆ ಮೊದಲನೆಯದು ಬಾಗಿದಲ್ಲಿಯೇ ಗಂಟೆಗಟ್ಟಲೆ ನಿಲ್ಲುತ್ತದೆ. ಎರಡನೆಯದು ಬಾಗುತ್ತದೆ, ತಿರುಗುತ್ತದೆ, ಮರಳಿ ನೆಟ್ಟಗಾಗುತ್ತದೆ. ಇವೆರಡರ ಜೊತೆಗೆ ಮೂರನೆಯದೊಂದು ಬೆನ್ನು ಈಗ ಮನೆಮನೆಯಲ್ಲಿಯೂ ಸೇರಿಕೊಂಡಿದೆ. ಅದು ಕಚೇರಿ, ಪಾಠಶಾಲೆ, ಬ್ಯಾಂಕುಗಳ ಕುರ್ಚಿಯನ್ನು ಹಿಡಿದ ವಿದ್ಯಾವಂತರ ಬೆನ್ನು. ಇದಕ್ಕೆ ಮಗ್ಗದ ಶ್ರಮವೂ ಇಲ್ಲ, ಕಂಸಾಳೆಯ ಚಲನೆಯೂ ಇಲ್ಲ. ನೋವು ಮಾತ್ರ ಉಂಟು. ಈ ಬೆನ್ನಿಗೆ ಬಲವನ್ನು ತಂದುಕೊಡುವುದಕ್ಕಾಗಿ ಮನೆಯಲ್ಲಿಯೇ ಮಾಡತಕ್ಕ ಅಂಗಸಾಧನೆಯು ಎಲ್ಲಿಂದ ಬಂದಿತು, ಬರುವಾಗ ಏನನ್ನು ತಂದಿತು, ಏನನ್ನು ದಾರಿಯಲ್ಲಿ ಬಿಟ್ಟಿತು ಎಂಬುದು ಈ ಸೀಮೆಯ ಪಕ್ಕದಲ್ಲಿಯೇ ನಡೆದ ಒಂದು ಚರಿತ್ರೆ.

ಸೀಮೆಯ ಪೂರ್ವಸ್ಥಿತಿಯನ್ನು ಮೊದಲು ನೆನೆಯಬೇಕು. 1799ರಲ್ಲಿ ಟಿಪ್ಪುಸುಲ್ತಾನನ ಪತನವಾದ ಮೇಲೆ ಕೊಳ್ಳೇಗಾಲವು ಇಂಗ್ಲಿಷರ ಪಾಲಿಗೆ ಹೋಗಿ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿ ಸೇರಿತು. ಯಳಂದೂರಾದರೋ ಮೈಸೂರು ಸಂಸ್ಥಾನದಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು. ಹೀಗೆ ಒಂದೇ ಮಾತು, ಒಂದೇ ಸಂತೆ, ಒಂದೇ ಜಾತ್ರೆಯ ಜನರು ಒಂದೂವರೆ ಶತಮಾನ ಎರಡು ಆಡಳಿತಗಳ ಕೆಳಗೆ ಇದ್ದರು. 1956ರ ನವೆಂಬರ್ 1ನೆಯ ತಾರೀಖು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯು ಏರ್ಪಟ್ಟಿತು. ಈಚೆಗೆ ಹನೂರು ಕೊಳ್ಳೇಗಾಲದಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಾಯಿತು. ಗೃಹವ್ಯಾಯಾಮವು ರೂಪುಗೊಂಡ ಕಾಲದಲ್ಲಿ ಈ ಗಡಿಯಿದ್ದಿತೆಂಬುದನ್ನು ಮರೆಯಬಾರದು. ಪುಸ್ತಕವು ಹುಟ್ಟಿದುದು ಮೈಸೂರಿನಲ್ಲಿ. ಅದನ್ನು ಓದಬಲ್ಲ ಕನ್ನಡಿಗರು ಗಡಿಯ ಆಚೆಗೂ ಇದ್ದರು.

ಕಂಸಾಳೆಯು ವ್ಯಾಯಾಮಕ್ಕಾಗಿ ಹುಟ್ಟಿದುದಲ್ಲ, ಭಕ್ತಿಗಾಗಿ ಹುಟ್ಟಿದುದು. ಬಟ್ಟಲಿನಾಕಾರದ ಕಂಚಿನ ತಾಳವನ್ನು ಒಂದು ಕೈಯಲ್ಲಿ ಹಿಡಿದು, ದಾರಕ್ಕೆ ಕಟ್ಟಿದ ಮತ್ತೊಂದು ತಾಳವನ್ನು ಇನ್ನೊಂದು ಕೈಯಿಂದ ಬೀಸಿ, ಅದು ಸುತ್ತಿ ಬಂದು ಬಟ್ಟಲಿಗೆ ತಾಗುವಂತೆ ಮಾಡುವುದು ಅದರ ಕ್ರಮ. ತಾಳವು ತಲೆಯ ಮೇಲೂ ಬೆನ್ನ ಹಿಂದೆಯೂ ಮಂಡಿಯ ಕೆಳಗೂ ಹಾಯುತ್ತದೆ. ಆಡುವವನು ಕೂರುತ್ತಾನೆ, ಏಳುತ್ತಾನೆ, ಹಿಂದಕ್ಕೆ ಬಾಗುತ್ತಾನೆ. ಕೈಗಳು ಎಷ್ಟು ವೇಗವಾಗಿ ಚಲಿಸಿದರೂ ನಡುವು ಹದ ತಪ್ಪಬಾರದು. ತಪ್ಪಿದರೆ ತಾಳವೂ ತಪ್ಪುತ್ತದೆ. ಕೈಕಾಲುಗಳು ಆಡುವಾಗ ನಡುವನ್ನು ಸ್ಥಿರವಾಗಿ ನಿಲ್ಲಿಸತಕ್ಕ ಈ ಶಕ್ತಿಯೇ ಇಂದಿನ ವೈದ್ಯರು ಬೆನ್ನೆಲುಬಿನ ಸ್ಥೈರ್ಯವೆಂದು ಕರೆಯುವುದಕ್ಕೆ ಮೂಲ.

ಮಗ್ಗದ ಶ್ರಮವು ಇದಕ್ಕೆ ತೀರ ಬೇರೆ. ನೆಲದಲ್ಲಿ ತೋಡಿದ ಕುಳಿಯೊಳಕ್ಕೆ ಕಾಲಿಳಿಸಿ, ಮುಂದಕ್ಕೆ ಬಾಗಿ, ನೂಲಿನ ಮೇಲೆ ದೃಷ್ಟಿಯಿಟ್ಟು ಲಾಳಿಯಾಡಿಸುವ ನೇಕಾರನಿಗೆ ಕೈಕಾಲುಗಳ ಕೆಲಸ ಬೇಕಾದಷ್ಟಿದೆ. ಆದರೆ ಬೆನ್ನಿಗೆ ಒಂದೇ ಭಂಗಿ. ಮೈಮುರಿದು ದುಡಿಯುವವನಿಗೆ ಬೇರೆ ವ್ಯಾಯಾಮವೇತಕ್ಕೆ ಎಂಬ ಮಾತು ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಕೇಳಬರುತ್ತದೆ. ಆ ಮಾತು ಅರ್ಧಸತ್ಯ. ದುಡಿಮೆಯು ಬೇಕಾದ ಅಂಗವನ್ನು ಬಳಸುತ್ತದೆ, ಬೇಡವಾದುದನ್ನು ಬಿಡುತ್ತದೆ. ವ್ಯಾಯಾಮವು ದುಡಿಮೆಯು ಬಿಟ್ಟ ಅಂಗವನ್ನು ಹುಡುಕಿಕೊಂಡು ಹೋಗುತ್ತದೆ. ಈ ಭೇದವನ್ನು ಹಿಂದಿನವರು ಬಲ್ಲವರಾಗಿದ್ದರು. ಆದುದರಿಂದಲೇ ಗರಡಿಯು ಏರ್ಪಟ್ಟಿತು.

ಗರಡಿಯ ವಿದ್ಯೆಯು ಕನ್ನಡನಾಡಿನಲ್ಲಿ ಬಹು ಪುರಾತನವಾದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತಗ್ರಂಥದಲ್ಲಿ ಮಲ್ಲವಿನೋದಕ್ಕೆ ಒಂದು ಭಾಗವೇ ಮೀಸಲಾಗಿದೆ. ಭಾರವನ್ನೆತ್ತುವ ಶ್ರಮ, ನಡೆಯುವ ಶ್ರಮ, ನೀರಿನಲ್ಲಿ ಮಾಡುವ ಶ್ರಮ, ಕಂಬವನ್ನು ಹಿಡಿದು ಮಾಡುವ ಶ್ರಮ ಎಂದು ಮಲ್ಲರ ಸಾಧನೆಗಳನ್ನು ಅಲ್ಲಿ ವಿಂಗಡಿಸಿದೆ. ಆ ಪರಂಪರೆಯ ಒಂದು ಶಾಖೆ ಜಟ್ಟಿಗಳಲ್ಲಿ ಉಳಿದು ಬಂದಿತು. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣಗಳ ಜಟ್ಟಿಗಳೊಡನೆ ಚಾಮರಾಜನಗರದ ಜಟ್ಟಿಗಳೂ ಇಳಿಯುವುದು ಇಂದಿಗೂ ರೂಢಿಯಲ್ಲಿದೆ.

ಗರಡಿಯೊಳಗೆ ದಂಡ, ಬಸ್ಕಿ, ಗದೆ, ಕಲ್ಲುಗುಂಡುಗಳಿದ್ದುವು. ಇವುಗಳಲ್ಲಿ ದಂಡವನ್ನು ವಿಶೇಷವಾಗಿ ಗಮನಿಸಬೇಕು. ಅಂಗೈಗಳನ್ನೂ ಕಾಲ್ಬೆರಳುಗಳನ್ನೂ ಊರಿ, ದೇಹವನ್ನು ಹಲಗೆಯಂತೆ ಬಿಗಿಹಿಡಿದು ಮುಂದಕ್ಕೆ ಹಾಯುವಾಗ, ಸೊಂಟವು ಜೋಲದಂತೆ ಹಿಡಿದಿಡುವುದು ತೋಳುಗಳಲ್ಲ. ಹೊಟ್ಟೆ, ಪಕ್ಕೆ, ಬೆನ್ನುಗಳ ಮಾಂಸಖಂಡಗಳು. ಆದರೆ ಗರಡಿಯಲ್ಲಿ ಇವೆಲ್ಲಕ್ಕಿಂತ ಬೆಲೆಯುಳ್ಳ ಎರಡು ಸಂಗತಿಗಳಿದ್ದುವು. ಒಂದು, ವಸ್ತಾದಿಯ ಕಣ್ಣು. ಸೊಂಟವು ಜೋತರೆ ಆತನು ಅಲ್ಲಿಯೇ ಗದರಿಸುವನು. ಮತ್ತೊಂದು, ಒಡನಾಡಿಗಳ ಸಂಗ. ಒಬ್ಬನು ಒಂದು ದಿನ ಬಾರದಿದ್ದರೆ ಮರುದಿನ ಉಳಿದವರು ಕೇಳುವರು. ಗರಡಿಯ ಕೊರತೆಯೂ ಅಷ್ಟೇ ಸ್ಪಷ್ಟ. ಅದು ತರುಣರಾದ ಗಂಡಸರ ಸ್ಥಳ. ಹೆಂಗಸರಿಗೂ, ವೃದ್ಧರಿಗೂ, ಒಮ್ಮೆ ಸೊಂಟವುಳುಕಿದವರಿಗೂ ಆ ಮಣ್ಣಿನಲ್ಲಿ ಎಡೆಯಿರಲಿಲ್ಲ.

ಈ ವಿದ್ಯೆಯು ಗರಡಿಯಿಂದ ಪುಸ್ತಕಕ್ಕೂ, ಪುಸ್ತಕದಿಂದ ಮನೆಗೂ ಬಂದ ದಾರಿಯು ಮೈಸೂರು ಬೆಂಗಳೂರುಗಳ ಮೂಲಕವೇ ಸಾಗಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯೆಂಬ ಸಚಿತ್ರ ಮಹಾಗ್ರಂಥದಲ್ಲಿ 122 ಆಸನಗಳ ಚಿತ್ರಗಳಿವೆ. ಧ್ಯಾನಕ್ಕೆ ಕುಳಿತುಕೊಳ್ಳುವ ಭಂಗಿಗಳು ಮಾತ್ರವಲ್ಲದೆ, ಹಗ್ಗವನ್ನು ಹಿಡಿದು ಮಾಡುವ ಕಸರತ್ತುಗಳೂ ಅವುಗಳಲ್ಲಿ ಸೇರಿವೆ. 1896ರಲ್ಲಿ ಬೆಂಗಳೂರಿನಲ್ಲಿ ಎಸ್. ಭಾರದ್ವಾಜರ ವ್ಯಾಯಾಮದೀಪಿಕೆಯು ಅಚ್ಚಾಯಿತು. ಗುರುಮುಖದಿಂದಲ್ಲದೆ ದೊರೆಯದಿದ್ದ ಗರಡಿಯ ಕ್ರಮಗಳು ಹೀಗೆ ಕಾಗದದ ಮೇಲೆ ನಿಂತುವು.

ಅನಂತರ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿಗೆ ಬಂದರು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಅವರ ಯೋಗಶಾಲೆಯು ಆರಂಭವಾಯಿತು. ಮರುವರ್ಷವೇ, ಅಂದರೆ 1934ರಲ್ಲಿ, ಅವರ ಯೋಗಮಕರಂದವು ಕನ್ನಡದಲ್ಲಿ, ಭಾವಚಿತ್ರಸಹಿತವಾಗಿ ಪ್ರಕಟವಾಯಿತು. 1941ರಲ್ಲಿ ಯೋಗಾಸನಗಳು ಎಂಬ ಇನ್ನೊಂದು ಕನ್ನಡ ಗ್ರಂಥವು ಬಂದಿತು. ಇಂದು ಲೋಕದ ನಾನಾ ದೇಶಗಳಲ್ಲಿ ಅಭ್ಯಾಸದಲ್ಲಿರುವ ಆಸನಪದ್ಧತಿಗಳಲ್ಲಿ ಹಲವಕ್ಕೆ ತವರು ಈ ಶಾಲೆಯೇ. ಅಲ್ಲಿ ಕಲಿತ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ಯರು 1937ರಲ್ಲಿ ಪುಣೆಗೆ ಹೋದರು. ಕೌಶಿಕದ ಪಟ್ಟಾಭಿ ಜೋಯಿಸರು ಮೈಸೂರಿನಲ್ಲಿಯೇ ನಿಂತರು. ಯೋಗಮಕರಂದದಲ್ಲಿ ಬರುವ ಚತುರಂಗದಂಡಾಸನವನ್ನು ಗರಡಿಯ ದಂಡದ ಪಕ್ಕದಲ್ಲಿಟ್ಟು ನೋಡಿದರೆ ಅವೆರಡರ ಬಾಂಧವ್ಯವು ಹೆಸರಿನಲ್ಲಿಯೂ ಆಕಾರದಲ್ಲಿಯೂ ಕಾಣಬರುತ್ತದೆ. ಅರಮನೆಯ ಯೋಗವು ಪೂರ್ಣವಾಗಿ ಪ್ರಾಚೀನವೆಂದು ಒಂದು ಪಕ್ಷದವರೂ, ಈಚಿನ ಕಲ್ಪನೆಯೆಂದು ಇನ್ನೊಂದು ಪಕ್ಷದವರೂ ವಾದಿಸುವುದುಂಟು. ಹಳೆಯ ಆಸನವೂ ಗರಡಿಯ ಸಾಮೂ ಹೊಸ ಕಾಲದ ಪಾಠಕ್ರಮವೂ ಒಂದೇ ಊರಿನಲ್ಲಿ ಸಂಧಿಸಿ ಆದ ಪಾಕವದು ಎಂದು ತಿಳಿಯುವುದು ಹೆಚ್ಚು ಯುಕ್ತವಾಗಿ ತೋರುತ್ತದೆ.

ಈ ಚರಿತ್ರೆಯಲ್ಲಿ ಗೃಹಸ್ಥರಿಗೆ ಹೆಚ್ಚು ಮುಖ್ಯವಾದ ಒಂದು ಸಂಗತಿಯಿದೆ. 1938ರಲ್ಲಿ ತೆಗೆದ ಒಂದು ಮೂಕ ಚಲಚ್ಚಿತ್ರದಲ್ಲಿ ಕೃಷ್ಣಮಾಚಾರ್ಯರೂ ಅಯ್ಯಂಗಾರ್ಯರೂ ಆಸನಗಳನ್ನು ತೋರಿಸುವುದರೊಡನೆ ಆಚಾರ್ಯರ ಪತ್ನಿಯೂ ಮಕ್ಕಳೂ ಅಭ್ಯಾಸಮಾಡುವುದು ಕಾಣುತ್ತದೆ. ಗರಡಿಯ ಬಾಗಿಲಲ್ಲಿ ನಿಲ್ಲದಿದ್ದ ಗೃಹಿಣಿಯು ಇಲ್ಲಿ ಚಿತ್ರದ ನಡುವೆ ಇದ್ದಾಳೆ. ಅದೇ ಕಾಲಕ್ಕೆ ಮಹಾರಾಷ್ಟ್ರದ ಔಂಧ ಸಂಸ್ಥಾನದ ದೊರೆ ಭವಾನರಾವ್ ಪಂತ ಪ್ರತಿನಿಧಿಗಳು ಸೂರ್ಯನಮಸ್ಕಾರವನ್ನು ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ನಿತ್ಯವೂ ಮಾಡಬೇಕೆಂದು ಗ್ರಂಥಮುಖೇನ ಸಾರುತ್ತಿದ್ದರು. ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ಯರು ವ್ಯಾಯಾಮಶಾಲೆಯನ್ನು ನಡೆಸಿ, ಸೂರ್ಯನಮಸ್ಕಾರದ ಮೇಲೆ ಪುಸ್ತಕವನ್ನು ಬರೆದು, ಅದಕ್ಕೂ ಮುಂದೆ ಹೋಗಿ ಅಂಚೆಯ ಮೂಲಕ ಅಂಗಸಾಧನೆಯನ್ನು ಕಲಿಸುವ ಕ್ರಮವನ್ನು ಏರ್ಪಡಿಸಿದರು. ಶಾಂತಲಾ ಕಾದಂಬರಿಯ ಕರ್ತೃವೆಂದು ಸಾಹಿತ್ಯಪ್ರಿಯರು ಬಲ್ಲ ಅಯ್ಯರ್ಯರೇ ಇವರು. ಅಂಚೆಯಣ್ಣನು ವಸ್ತಾದಿಯ ಪಾಠವನ್ನು ಹೊತ್ತು ಮನೆಬಾಗಿಲಿಗೆ ಬಂದ ದಿನವೇ ಗೃಹವ್ಯಾಯಾಮವು ನಿಜವಾಗಿ ಹುಟ್ಟಿತೆಂದರೆ ತಪ್ಪಾಗಲಾರದು.

ಹೀಗೆ ಗರಡಿಯ ಗೋಡೆಯೊಡೆದುದರಿಂದ ಆದ ಲಾಭವು ಅಪಾರ. ಚಾಪೆ ಹಾಸುವಷ್ಟು ಸ್ಥಳವೇ ಸಾಕಾಯಿತು, ಉಪಕರಣವು ಬೇಡವಾಯಿತು, ವಯಸ್ಸು, ಲಿಂಗ, ಅಂತಸ್ತುಗಳ ತಡೆಯು ತಪ್ಪಿತು. ಆದರೆ ನಷ್ಟವೂ ಆಯಿತು. ಪುಸ್ತಕಕ್ಕೆ ಕಣ್ಣಿಲ್ಲ, ಓದಿದವನ ಸೊಂಟವು ಜೋತರೆ ಅದು ಗದರಿಸಲಾರದು. ಕಾಗದಕ್ಕೆ ಸಂಗವಿಲ್ಲ, ಒಂದು ದಿನ ಬಿಟ್ಟರೆ ಕೇಳುವವರಿಲ್ಲ. ಇಂದು ಪುಸ್ತಕದ ಸ್ಥಾನಕ್ಕೆ ದೂರವಾಣಿಯ ಪರದೆಯು ಬಂದಿದ್ದರೂ ಈ ಎರಡು ಕೊರತೆಗಳು ಬಹಳಮಟ್ಟಿಗೆ ಹಾಗೆಯೇ ಉಳಿದಿವೆ. ಉತ್ಸಾಹದಿಂದ ಆರಂಭವಾದ ವ್ಯಾಯಾಮವು ಪಕ್ಷವೊಂದು ಕಳೆಯುವುದರೊಳಗೆ ಚಾಪೆಯೊಡನೆಯೇ ಮೂಲೆ ಸೇರುವುದಕ್ಕೆ ಜನರ ಸೋಮಾರಿತನವೊಂದೇ ಕಾರಣವಲ್ಲ. ಗರಡಿಯು ಒದಗಿಸುತ್ತಿದ್ದ ಕಣ್ಣನ್ನೂ ಸಂಗವನ್ನೂ ಮನೆಯು ಒದಗಿಸದಿರುವುದೇ ಮುಖ್ಯಕಾರಣ.

ಇನ್ನು ಶರೀರಶಾಸ್ತ್ರವು ಹೇಳುವುದನ್ನು ನೋಡಬೇಕು. ಬೆನ್ನೆಲುಬೆಂಬುದು ಒಂದೇ ಎಲುಬಲ್ಲ. ಒಂದರ ಮೇಲೊಂದು ಕುಳಿತ ಮಣಿಗಳ ಸಾಲು. ಅವುಗಳಲ್ಲಿ ಚಲಿಸತಕ್ಕವು 24. ಮಣಿಗಳ ನಡುವೆ ಮೃದುವಾದ ಬಿಲ್ಲೆಗಳಿವೆ. ಮಾಂಸಖಂಡಗಳ ಆಧಾರವಿಲ್ಲದಿದ್ದರೆ ಈ ಸಾಲು ದೇಹದ ಭಾರವನ್ನು ಕೂಡ ಹೊತ್ತು ನಿಲ್ಲಲಾರದು. ಎಲುಬು ಮತ್ತು ಕಟ್ಟುಗಳು, ಮಾಂಸಖಂಡಗಳು, ಅವುಗಳನ್ನು ಆಳುವ ನರಗಳು, ಈ ಮೂರೂ ಕೂಡಿ ಬೆನ್ನಿಗೆ ಸ್ಥೈರ್ಯವನ್ನು ಕೊಡುತ್ತವೆಂದು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಮನೋಹರ ಪಂಜಾಬಿಯವರು 1992ರಲ್ಲಿ ಪ್ರತಿಪಾದಿಸಿದರು. 1996ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇನ್ನೊಂದು ಸೂಕ್ಷ್ಮವನ್ನು ಕಂಡರು. ಆರೋಗ್ಯವಂತನು ತೋಳನ್ನೆತ್ತುವಾಗ, ತೋಳು ಚಲಿಸುವುದಕ್ಕೆ ಮುಂಚೆಯೇ ಹೊಟ್ಟೆಯ ಒಳಪದರದ ಮಾಂಸಖಂಡವು ಬಿಗಿಯುತ್ತದೆ. ಸೊಂಟನೋವುಳ್ಳವನಲ್ಲಿ ಅದು ತಡವಾಗಿ ಬಿಗಿಯುತ್ತದೆ. ಹೊಟ್ಟೆ, ಪಕ್ಕೆ, ಬೆನ್ನು, ಮೇಲೆ ವಪೆ, ಕೆಳಗೆ ಕಟಿಯ ತಳ, ಹೀಗೆ ಸುತ್ತಲೂ ಬಳಸಿಕೊಂಡಿರುವ ಈ ಮಾಂಸಖಂಡಗಳು ಹುಟ್ಟುತ್ತಲೇ ಬಂದ ನಡುಕಟ್ಟೆಂದು ಹೇಳಬಹುದು.

ಈ ನಡುಕಟ್ಟಿಗೆ ಬೇಕಾದುದು ಒಮ್ಮೆಗೇ ತೋರಿಸುವ ಮಹಾಬಲವಲ್ಲ, ಬಹಳ ಹೊತ್ತು ತಾಳುವ ಶಕ್ತಿ. 1984ರಲ್ಲಿ ಡೆನ್ಮಾರ್ಕ್ ದೇಶದಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ಬೆನ್ನಿನ ಮಾಂಸಖಂಡಗಳ ತಾಳಿಕೆಯು ಚೆನ್ನಾಗಿದ್ದ ಗಂಡಸರಿಗೆ ಮುಂದೆ ಮೊದಲ ಸಲ ಸೊಂಟನೋವು ಬರುವ ಸಂಭವವು ಕಡಿಮೆಯೆಂದು ತಿಳಿದುಬಂದಿತು. ಕೆನಡಾದ ಸ್ಟೂವರ್ಟ್ ಮೆಗಿಲ್ಲರು ಇದೇ ತತ್ತ್ವವನ್ನು ಹಿಡಿದು ಮೂರು ಸರಳ ಸಾಧನೆಗಳನ್ನು ಪ್ರಚಾರಕ್ಕೆ ತಂದರು. ಮೊದಲನೆಯದರಲ್ಲಿ ಅಂಗಾತ ಮಲಗಿ, ಒಂದು ಮಂಡಿಯನ್ನು ಮಡಿಸಿ, ಸೊಂಟದ ಟೊಳ್ಳಿನ ಕೆಳಗೆ ಅಂಗೈಗಳನ್ನಿಟ್ಟು, ತಲೆ ಭುಜಗಳನ್ನು ನೆಲದಿಂದ ತುಸುವೇ ಎತ್ತಬೇಕು, ಎದ್ದು ಕೂರಬಾರದು. ಎರಡನೆಯದರಲ್ಲಿ ಪಕ್ಕಕ್ಕೆ ಮಲಗಿ, ಮೊಣಕೈಯನ್ನೂ ಮಂಡಿಯನ್ನೂ ಊರಿ ಸೊಂಟವನ್ನೆತ್ತಿ ಹಿಡಿಯಬೇಕು. ಬಲ ಬಂದಂತೆ ಮಂಡಿಯ ಬದಲು ಪಾದಗಳನ್ನು ಊರಬಹುದು. ಮೂರನೆಯದರಲ್ಲಿ ಅಂಬೆಗಾಲಿನಲ್ಲಿ ನಿಂತು, ಒಂದು ತೋಳನ್ನೂ ಅದರ ಎದುರು ಪಕ್ಕದ ಕಾಲನ್ನೂ ನೇರವಾಗಿ ಚಾಚಬೇಕು. ಆಗ ಬೆನ್ನು ಕದಲಕೂಡದು. ಪ್ರತಿಯೊಂದನ್ನೂ ಸುಮಾರು 10 ಸೆಕೆಂಡು ಹಿಡಿದು ಬಿಡಬೇಕು, ಉಸಿರು ಕಟ್ಟಬಾರದು, ಕ್ರಮಕ್ರಮವಾಗಿ ಆವೃತ್ತಿಯನ್ನು ಹೆಚ್ಚಿಸಬೇಕು. ಎರಡನೆಯದನ್ನು ಕಂಡವರಿಗೆ ಅಯ್ಯಂಗಾರ್ಯರ 1966ರ ಗ್ರಂಥದಲ್ಲಿನ ವಸಿಷ್ಠಾಸನವು ನೆನಪಾಗುವುದು ಸಹಜ.

ಆದರೂ ಹಳೆಯದೆಲ್ಲವೂ ಹೊಸ ಶಾಸ್ತ್ರದೊಡನೆ ಹೊಂದುತ್ತದೆಂದು ಹೇಳುವಂತಿಲ್ಲ. ರಾತ್ರಿಯೆಲ್ಲ ಮಲಗಿದ್ದಾಗ ಮಣಿಗಳ ನಡುವಣ ಬಿಲ್ಲೆಗಳು ನೀರನ್ನು ಹೀರಿ ಉಬ್ಬಿರುತ್ತವೆ. ಎದ್ದ ಕೂಡಲೆ ಮುಂದಕ್ಕೆ ಬಹಳವಾಗಿ ಬಾಗುವುದನ್ನು ತಪ್ಪಿಸಿದ ಸೊಂಟನೋವಿನ ರೋಗಿಗಳಿಗೆ ನೋವು ಕಡಿಮೆಯಾದುದು 1998ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಕಂಡಿದೆ. ಆದುದರಿಂದ ಬೆಳಗಿನ ಜಾವದ ಅಭ್ಯಾಸವು ಶ್ಲಾಘ್ಯವಾದರೂ ಬೆನ್ನುನೋವುಳ್ಳವರು ಎದ್ದು ಒಂದು ಗಂಟೆಯಾದರೂ ನಡೆದಾಡಿದ ಮೇಲೆ ಬಾಗುವ ಸಾಧನೆಗಳಿಗೆ ತೊಡಗುವುದು ಲೇಸು. ಹಾಗೆಯೇ ನಡುವಿನ ಸಾಧನೆಯೊಂದೇ ಸರ್ವರೋಗಹರವೆಂಬ ಪ್ರಚಾರವನ್ನೂ ನಂಬಬೇಕಾದುದಿಲ್ಲ. 2021ರಲ್ಲಿ 249 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನಡೆಸಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆಯು, ಬಹುಕಾಲದ ಸೊಂಟನೋವಿಗೆ ವ್ಯಾಯಾಮವು ಪ್ರಾಯಶಃ ಗುಣಕಾರಿಯೆಂದು ತೀರ್ಮಾನಿಸಿತು. ನಡಿಗೆಯಾಗಲಿ ಆಸನವಾಗಲಿ ಸಾಧನೆಯಾಗಲಿ, ಬಿಡದೆ ನಡೆಸುವುದೇ ಅದರ ಜೀವಾಳ. ಕಾಲು ಜೋಮುಗಟ್ಟಿ ಬಲಗುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಬಿದ್ದು ಪೆಟ್ಟಾಗಿದ್ದರೆ, ಜ್ವರದೊಡನೆ ಬೆನ್ನುನೋವಿದ್ದರೆ ವ್ಯಾಯಾಮವನ್ನು ಬದಿಗಿರಿಸಿ ಕೂಡಲೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಈ ವಿಷಯದಲ್ಲಿ ಗೃಹಿಣಿಯರನ್ನು ಪ್ರತ್ಯೇಕವಾಗಿ ನೆನೆಯಬೇಕಾಗಿದೆ. ಯಳಂದೂರು ಸಂಚಿಯ ಹೊನ್ನಮ್ಮನ ಊರು. ಚಿಕದೇವರಾಜ ಒಡೆಯರ ಆಶ್ರಯದಲ್ಲಿದ್ದ ಆಕೆಯು ಹದಿಬದೆಯ ಧರ್ಮವೆಂಬ ಸಾಂಗತ್ಯಕಾವ್ಯದಲ್ಲಿ ಗೃಹಿಣಿಯ ನಡೆನುಡಿಗಳನ್ನು ವಿವರಿಸಿ, ಮನೆಯೊಳಗಿನ ಬಾಳನ್ನು ಕಾವ್ಯದ ಯೋಗ್ಯತೆಗೆ ಏರಿಸಿದಳು. ಆ ಬಾಳಿನಲ್ಲಿ ಅಂದು ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗಗಳಿದ್ದುವು. ಅವು ಹೊರೆಯೂ ಹೌದು, ನಡುವಿನ ಸಾಧನೆಯೂ ಹೌದು. ಇಂದು ವಿದ್ಯಾವಂತರ ಮನೆಗಳಲ್ಲಿ ಯಂತ್ರವು ಆ ಹೊರೆಯನ್ನಿಳಿಸಿದೆ, ಅದು ಒಳ್ಳೆಯದೇ. ಹೊರೆಯೊಡನೆ ಹೋದ ಸಾಧನೆಯ ಸ್ಥಾನದಲ್ಲಿ ಮಾತ್ರ ಏನೂ ಬಂದಿಲ್ಲ. ಬಾಣಂತಿತನದಲ್ಲಿ ಸಡಿಲವಾದ ಹೊಟ್ಟೆ ಕಟಿಗಳ ಮಾಂಸಖಂಡಗಳು ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಅಭ್ಯಾಸಮಾಡಿದರೆ ಮರಳಿ ಬಲಗೊಳ್ಳುತ್ತವೆಂಬುದು ಮನೆಯ ಹಿರಿಯರೆಲ್ಲರೂ ತಿಳಿದಿರಬೇಕಾದ ಸಂಗತಿ. ಗರಡಿಯು ಹೆಂಗಸರಿಗೆ ತೆರೆಯದೆ ಹೋಯಿತು. ಮನೆಯೂ ಮುಚ್ಚಿಕೊಂಡರೆ ಈ ಚರಿತ್ರೆಯ ಫಲವು ಅರ್ಧ ಮಂದಿಗೆ ದೊರೆಯದೆ ಹೋಗುತ್ತದೆ.

ಆದುದರಿಂದ ಗರಡಿಯು ಕೊಡುತ್ತಿದ್ದ ಆ ಎರಡನ್ನು ಮನೆಯೇ ಕೊಡಬೇಕಾಗಿದೆ. ಕಾಲು ಗಂಟೆಯ ಒಂದು ವೇಳೆಯನ್ನು ಗೊತ್ತುಮಾಡಿ, ಅಜ್ಜಿ ತಾತಂದಿರು, ತಂದೆ ತಾಯಿ, ಮಕ್ಕಳು ಒಂದೇ ನಡುಮನೆಯಲ್ಲಿ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಅಭ್ಯಾಸಮಾಡಿದರೆ ಸಂಗವು ತಾನಾಗಿ ಏರ್ಪಡುತ್ತದೆ. ಒಬ್ಬರು ತಪ್ಪಿದರೆ ಇನ್ನೊಬ್ಬರು ಕೇಳುತ್ತಾರೆ. ಆರಂಭದಲ್ಲಿ ಒಮ್ಮೆ ಬಲ್ಲವರಿಂದ ಕ್ರಮವನ್ನು ತಿದ್ದಿಸಿಕೊಂಡು, ಮುಂದೆ ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡಿ ಹೇಳಿದರೆ ವಸ್ತಾದಿಯ ಕಣ್ಣೂ ದೊರೆಯುತ್ತದೆ. ಮೊಮ್ಮಗಳು “ತಾತ, ನಿಮ್ಮ ಸೊಂಟ ಜೋಲುತ್ತಿದೆ” ಎಂದು ಹೇಳುವ ಮನೆಯಲ್ಲಿ ವ್ಯಾಯಾಮವು ಸುಲಭವಾಗಿ ನಿಲ್ಲುವುದಿಲ್ಲ.

ಮೈಸೂರಿನ ಯೋಗಶಾಲೆಯು 1950ರ ವೇಳೆಗೆ ಮುಚ್ಚಿತು. ಅದರ ಆಚಾರ್ಯರು ಮದರಾಸಿಗೆ ತೆರಳಿ, 1989ರಲ್ಲಿ ಶತಾಯುಷಿಗಳಾಗಿ ಗತಿಸಿದರು. ಅಂಚೆಯ ಪಾಠಗಳ ಕಾಲವೂ ಕಳೆಯಿತು. ಶಾಲೆ ಮುಚ್ಚಿದರೂ ಸಾಧನೆಯು ಉಳಿದುದು, ಅದನ್ನು ದಿನವೂ ಮಾಡಿದ ದೇಹಗಳಲ್ಲಿ ಮಾತ್ರ. ಮಹದೇಶ್ವರನ ಬೆಟ್ಟದ ಗುಡ್ಡನಿಗೆ ತಾಳವನ್ನು ಬೀಸುವ ಹದವು ಒಂದು ದಿನದಲ್ಲಿ ಬಂದುದಲ್ಲ. ಮಗ್ಗದ ಮುಂದಿನ ಬೆನ್ನು ಬಾಗಿದುದೂ ಒಂದು ದಿನದಲ್ಲಿ ಅಲ್ಲ. ಎರಡಕ್ಕೂ ದಿನದಿನದ ರೂಢಿಯೇ ಕಾರಣ. ಬಾಗಿಸುವ ರೂಢಿಯು ಕೇಳದೆಯೇ ಬರುತ್ತದೆ. ನೆಟ್ಟಗೆ ನಿಲ್ಲಿಸುವ ರೂಢಿಯನ್ನು ಮನೆಯವರೇ ಹಾಸಿದ ಚಾಪೆಯ ಮೇಲೆ ಬರಮಾಡಿಕೊಳ್ಳಬೇಕು.